ಉಳಿದವರ ಹೆಸರನ್ನು ಓದುತ್ತಿದ್ದವರು

ಖಾನಾಪುರದಲ್ಲಿ ಅವರನ್ನು ಹೆಸರು ಹಿಡಿದು ಕೇಳಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಲಾಟರಿ ಸಾಹೇಬರು ಎನ್ನಬೇಕು. ಆಗ ಬಸ್ ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವನೂ ನಮ್ಮ ಕಚೇರಿಯ ಕಡೆ ಕೈ ತೋರಿಸುತ್ತಿದ್ದ. ಅವರಿಗೆ ಮಾತ್ರ ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು.

"ನಾ ಒಂದ್ ಟಿಕೀಟ್ ತಗೊಂಡಾಂವಲ್ಲ, ಮಾರಿದಾಂವಲ್ಲ. ಕಾವಲು ಕುಂತಾಂವ. ಬ್ಯಾಂಕಿನ ಬಾಗಲಾಗ ಬಂದೂಕ ಹಿಡದು ಕುಂತಾಂವನ್ನ ಯಾರರೆ ಸಾವ್ಕಾರ ಅಂತಾರೇನ್ರಿ ಅಕ್ಕಾರ?" ಎಂದು ನನ್ನ ಮೇಲೆ ರೇಗುತ್ತಿದ್ದರು, ಆ ಹೆಸರಿಟ್ಟವಳು ನಾನೇ ಎಂಬಂತೆ.

ಅವರು ತೀರಿಕೊಂಡು ಈಗ ಕೆಲವು ತಿಂಗಳಾಯಿತು. ಬೆಳಗಾವಿಯ ಹಿಂದವಾಡಿಯಲ್ಲಿರುವ ಅವರ ಮನೆಗೆ ಹೋಗಿ ಕುಳಿತು ಬಂದೆ. ಗೋಡೆಯ ಮೇಲಿನ ಫೋಟೋದಲ್ಲೂ ಯಾರದೋ ಕಾಗದ ಸರಿಯಿಲ್ಲ ಎನ್ನುವ ಮುಖವೇ ಇತ್ತು. ಅವತ್ತಿನಿಂದ ಏನಾದರೂ ಬರೆಯಬೇಕು ಎಂದುಕೊಳ್ಳುತ್ತಲೇ ಇದ್ದೆ. ಹೋದ ವಾರ ಖಾನಾಪುರದಲ್ಲಿ ಒಂದು ಪ್ರಸಂಗ ನಡೆಯಿತು. ಇನ್ನು ಬರೆಯದೆ ಇರಲಾರೆ.

ಸರ್ಕಾರವೇ ಲಾಟರಿ ನಡೆಸುತ್ತಿದ್ದ ಕಾಲದಲ್ಲಿ ಅವರು ಬೆಂಗಳೂರಿನಲ್ಲಿ ಆ ಇಲಾಖೆಯಲ್ಲಿದ್ದರು. ಡ್ರಾ ದಿನ ಅಂಕಿಗಳ ಚಕ್ರ ತಿರುಗುವಾಗ ಪಕ್ಕದಲ್ಲಿ ನಿಲ್ಲಬೇಕು. ಚಕ್ರ ತಾನಾಗಿ ನಿಂತಿತೋ, ಯಾರಾದರೂ ನಿಲ್ಲಿಸಿದರೋ ನೋಡಬೇಕು. ನೋಡಿ ಸಹಿ ಹಾಕಬೇಕು. ಅಷ್ಟೇ ಕೆಲಸ. ಲಾಟರಿ ಬಂದಾದಾಗ ಅಲ್ಲಿದ್ದವರನ್ನೆಲ್ಲ ಬೇರೆ ಬೇರೆ ಇಲಾಖೆಗಳಿಗೆ ಹಂಚಿದರು. ಇವರು ಊರಿನ ಹತ್ತಿರ ಕೇಳಿಕೊಂಡು ಖಾನಾಪುರಕ್ಕೆ, ನಾನು ಗುಮಾಸ್ತೆಯಾಗಿದ್ದ ಕಚೇರಿಗೆ ಬಂದರು. ಬೆಳಗಾವಿಯಿಂದ ದಿನಾ ಒಂದೇ ಬಸ್ಸಿಗೆ ಹೋಗಿ ಬರುವವರಾದ್ದರಿಂದ ಪರಿಚಯ ಬೆಳೆಯಿತು. ಜೈನರ ಮನೆತನ, ಅಣ್ಣತಮ್ಮಂದಿರೆಲ್ಲ ಅರಿವೆ ಅಂಗಡಿಯವರು. ಇವರೊಬ್ಬರೇ ನೌಕರಿ ಹಿಡಿದವರು. ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಬಸ್ಸು ತಡವಾದರೆ ಕಿಟಕಿಯಿಂದ ಸೂರ್ಯನನ್ನೂ ಕೈಗಡಿಯಾರವನ್ನೂ ನೋಡುತ್ತ ಚಡಪಡಿಸುವುದನ್ನು ಕಂಡು ನಾನು ನಗುತ್ತಿದ್ದೆ.

ಬಸ್ಸಿನಲ್ಲಿ ಯಾರಾದರೊಬ್ಬರು ಮೆಲ್ಲಗೆ ಅವರ ಪಕ್ಕ ಸರಿಯುತ್ತಿದ್ದರು. "ಸಾಹೇಬ್ರ, ಒಂದ್ ನಂಬರ್ ಹೇಳ್ರೆಲಾ."

"ನನಗ್ ನಂಬರ್ ಗೊತ್ತಿದ್ರ ಈ ಬಸ್ಸಿನ್ಯಾಗ ನಿಂತು ಬರ್ತಿದ್ನೇನೋ ಮಾರಾಯಾ?"

ಲಾಟರಿ ನಮ್ಮಲ್ಲಿ ಬಂದಾದರೂ ಗಡಿ ಏನು ದೂರವೇ? ಕಾಕತಿಯ ಒಬ್ಬ ಆಟೋದವನು ಮಹಾರಾಷ್ಟ್ರದ ಕಡೆ ಹೋದಾಗಲೆಲ್ಲ ಟಿಕೀಟು ತಂದು, ಅದು ಅಸಲಿಯೋ ನಕಲಿಯೋ ನೋಡಿ ಎಂದು ಹಿಂದವಾಡಿಗೆ ಬರುತ್ತಿದ್ದ. ಇವರು ಮೊದಲು ಚೆನ್ನಾಗಿ ಬೈಯುವುದು. ಆಮೇಲೆ ಕನ್ನಡಕ ಹಣೆಗೇರಿಸಿ, ಟಿಕೀಟನ್ನು ಬಿಸಿಲಿಗೆ ಹಿಡಿದು, ಅಂಚನ್ನು ಉಗುರಿನಿಂದ ತಟ್ಟಿ ನೋಡುವುದು. "ಟಿಕೀಟ್ ಖರೇ ಐತಿ. ನಸೀಬದ್ದು ನನಗ್ ಗೊತ್ತಿಲ್ಲ" ಎಂದು ಹಿಂದಿರುಗಿಸುವುದು. ಬೈದರೆ ಸಾಲದೇ, ಪರೀಕ್ಷೆ ಯಾಕೆ ಮಾಡಬೇಕಿತ್ತು ಎಂದು ಕೇಳಿದೆ. "ಮೋಸ ಹೋಗಬಾರ್ದಲ್ರಿ. ಸೋತ್ರ ಬ್ಯಾರೆ ಮಾತು" ಎಂದರು.

ಇನ್ನೊಂದು ಪ್ರಸಂಗ. ಒಂದು ದಿನ ನಾನು ತಡವಾಗಿ ಬಂದೆ. ಮೇಲಧಿಕಾರಿ ಕೇಳಿದರೆ ಹೊತ್ತಿಗೆ ಸರಿಯಾಗಿ ಬಂದಿದ್ದಳು ಅಂದುಬಿಡಿ ಎಂದು ಇವರಿಗೆ ಸನ್ನೆ ಮಾಡಿದೆ. ಮೇಲಧಿಕಾರಿ ಕೇಳಿಯೇ ಕೇಳಿದರು. ಇವರು ನೆಟ್ಟಗೆ ನಿಂತು, "ಬಂದಿದ್ದು ನಾ ನೋಡಿಲ್ರಿ" ಅಂದುಬಿಟ್ಟರು. ಎರಡು ದಿನ ನಾನು ಅವರ ಜೊತೆ ಮಾತು ಬಿಟ್ಟೆ. ಅವರಿಗೆ ಅದು ಗೊತ್ತಾಗಲೇ ಇಲ್ಲ. ಮೂರನೆಯ ದಿನ ಬಸ್ಸಿನಲ್ಲಿ ಎಂದಿನಂತೆ ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟು, "ಆರಾಮ ಇಲ್ಲೇನ್ರಿ ಅಕ್ಕಾರ? ಮಾತ ಇಲ್ಲ ಎರಡ್ ದಿನಾ ಆತು" ಎಂದರು. ಇಂಥವರ ಮೇಲೆ ಸಿಟ್ಟು ಮಾಡಿಯೂ ಸುಖವಿಲ್ಲ.

ಲಾಟರಿ ಬಂದಾಯಿತು, ಡ್ರಾ ಬಂದಾಗಲಿಲ್ಲ. ಸರ್ಕಾರದ ಹತ್ತಿರ ಕೊಡುವುದು ಸ್ವಲ್ಪ, ಕೈಯೊಡ್ಡುವವರು ಬಹಳ. ಹೊಲಿಗೆ ಯಂತ್ರಕ್ಕೆ ಚೀಟಿ, ಔಷಧಿ ಹೊಡೆಯುವ ಪಂಪಿಗೆ ಚೀಟಿ, ಮನೆ ಕಟ್ಟುವ ಜಾಗಕ್ಕೆ ಚೀಟಿ. ಎಲ್ಲಿ ಚೀಟಿ ಎತ್ತಿದರೂ ವೀಕ್ಷಕರೆಂದು ಇವರನ್ನೇ ಕರೆಯುತ್ತಿದ್ದರು. ಬರುವಾಗ ತಮ್ಮ ಡಬ್ಬಿಯನ್ನೂ ತರುತ್ತಿದ್ದರು. ಡಬ್ಬಿ ಎಂದರೆ ನೀರಿನ ಡ್ರಮ್ಮಿನಷ್ಟು ದೊಡ್ಡದು. ಉದ್ಯಮಬಾಗದ ಒಂದು ವರ್ಕ್‌ಶಾಪಿನಲ್ಲಿ ನಿಂತು ಮಾಡಿಸಿಕೊಂಡಿದ್ದರು. ಸುತ್ತಲೂ ತಗಡಿನ ಬದಲು ತಂತಿಯ ಜಾಳಿಗೆ, ಬದಿಗೆ ತಿರುಗಿಸುವ ಹಿಡಿಕೆ. ಜಾಳಿಗೆ ಯಾಕೆಂದರೆ, ಒಳಗೆ ಚೀಟಿ ಹೊರಳುವುದು ಕೊನೆಯ ಸಾಲಿನಲ್ಲಿ ಕುಳಿತವರಿಗೂ ಕಾಣಬೇಕು. ಡ್ರಾ ಶುರುವಾಗುವ ಮೊದಲು ಖಾಲಿ ಡಬ್ಬಿಯನ್ನು ಎತ್ತಿ ನಾಲ್ಕೂ ಕಡೆ ತೋರಿಸುತ್ತಿದ್ದರು. ಜಾದೂಗಾರನ ಹಾಗೆ ಎಂದು ನಾನು ಚುಡಾಯಿಸುತ್ತಿದ್ದೆ.

ಅವರದೇ ಆದ ಇನ್ನೊಂದು ಪದ್ಧತಿ ಇತ್ತು. ಅದನ್ನು ಯಾವ ಸರ್ಕಾರಿ ಆದೇಶವೂ ಹೇಳಿರಲಿಲ್ಲ. ಗೆದ್ದವರ ಚೀಟಿ ಎತ್ತಿ ಆದ ಮೇಲೆ ಎಲ್ಲ ಕಡೆ ಕೆಲಸ ಮುಗಿಯುತ್ತದೆ. ಇವರಿಗೆ ಮುಗಿಯುತ್ತಿರಲಿಲ್ಲ. ಡಬ್ಬಿಯಲ್ಲಿ ಉಳಿದ ಚೀಟಿಗಳನ್ನು ಬಿಳಿಯ ಧೋತರದ ಮೇಲೆ ಸುರುವಿ, ಒಂದೊಂದನ್ನೇ ಬಿಚ್ಚಿ, ಸೋತವರ ಹೆಸರನ್ನು ಊರಿನ ಸಮೇತ ಓದುತ್ತಿದ್ದರು. ಓದಿ, "ಒಳಗಿತ್ತು" ಎನ್ನುತ್ತಿದ್ದರು. ಮರಾಠಿ ಜನರಿಗಾಗಿ ನಾನು ಮೈಕಿನಲ್ಲಿ ಅದನ್ನೇ ಮರಾಠಿಯಲ್ಲಿ "ಆತ ಹೋತಿ" ಎನ್ನಬೇಕು. ನೂರಾರು ಹೆಸರು. ಗೆದ್ದವರು ಎದ್ದು ಹೋಗಿರುತ್ತಿದ್ದರು, ಸಾಹೇಬರುಗಳು ಜೀಪು ಹತ್ತಿರುತ್ತಿದ್ದರು. ನನ್ನ ಗಂಟಲು ಹರಿಯುತ್ತಿತ್ತು. ಕೊನೆಗೊಮ್ಮೆ ತಲೆ ಎತ್ತಿ, "ಯಾರರೆ ತಮ್ಮ ಹೆಸರು ಕೇಳಲಿಲ್ಲೇನ್ರಿ?" ಎಂದು ಕೇಳುತ್ತಿದ್ದರು. ಯಾರೂ ಮಾತಾಡುತ್ತಿರಲಿಲ್ಲ. ಆಗ ಸಹಿ.

"ಸೋತಾವ್ರ ಹೆಸರು ಓದಿ ಗಾಯಕ್ಕ ಉಪ್ಪು ಹಚ್ಚತೀರಿ ನೀವು" ಎಂದೆ ಒಂದು ಸಲ.

"ಗೆದ್ದಾವ್ರು ಖುಷೀಲೆ ಹೋಗ್ತಾರ್ರಿ. ಉಳಿದಾವ್ರು ಮನಿಗೆ ಸಂಶಾ ಹೊತಗೊಂಡು ಹೋಗಬಾರ್ದು" ಎಂದರು.

ಆ ಪದ್ಧತಿಯೇ ಒಂದು ದಿನ ತಿರುಗಿ ಹೊಡೆಯಿತು.

ಅಂದು ಮನೆ ಜಾಗದ ಡ್ರಾ. ಅರ್ಜಿಗಳು ಕಟ್ಟುಗಟ್ಟಲೆ, ಜಾಗ ಬೆರಳೆಣಿಕೆಯಷ್ಟು. ಮುಂದಿನ ಸಾಲಿನಲ್ಲಿ ಯಲ್ಲೂಬಾಯಿ ಕುಳಿತಿದ್ದಳು. ಗುಂಜಿಯ ಕಡೆಯವಳು, ಎಮ್ಮೆ ಸಾಕುವ ಗೌಳಿಗರ ಮನೆಯ ಹೆಣ್ಣುಮಗಳು. ಗಂಡ ಸತ್ತ ಮೇಲೆ ಎಮ್ಮೆ ಮಾರಿ, ವಯಸ್ಸಾದ ಅತ್ತೆಯನ್ನು ಕರೆದುಕೊಂಡು ಖಾನಾಪುರಕ್ಕೆ ಬಂದಿದ್ದಳು. ಬಸ್ ಸ್ಟ್ಯಾಂಡ್ ಬಾಜುವಿನ ಖಾನಾವಳಿಯಲ್ಲಿ ಭಕ್ಕರಿ, ಎಂದರೆ ರೊಟ್ಟಿ, ಬಡಿಯುವ ಕೆಲಸ. ಇವರೊಬ್ಬರನ್ನು ಬಿಟ್ಟು ನಾವೆಲ್ಲ ಮಧ್ಯಾಹ್ನ ತಿನ್ನುತ್ತಿದ್ದದ್ದು ಅವಳ ಕೈಯ ಭಕ್ಕರಿಯೇ. ಬಾಡಿಗೆ ಖೋಲಿಯ ಮಾಲಕ ಇಂದು ಬಿಡು ನಾಳೆ ಬಿಡು ಎಂದು ಬೆನ್ನು ಹತ್ತಿದ್ದ. "ಮುದುಕಿಗಿ ಸ್ವಂತ ಅಂಗಳದಾಗ ಜೀವ ಬಿಡೂ ಆಸೆ ಐತ್ರಿ ಬಾಯಾರ. ಹಿಂದಕ ಗುಂಜ್ಯಾಗ ಅಂಗಳ ಅಂದ್ರ ಅಡವಿಮಟಾ ಇತ್ತು" ಎಂದು ನನಗೆ ಹೇಳಿದ್ದಳು.

ಅವಳ ಹೆಸರು ಬಂತು. ಮೈಕಿನಲ್ಲಿ ಓದುವಾಗ ನನ್ನ ದನಿಯೇ ಏರಿತು. ಯಲ್ಲೂಬಾಯಿ ಎದ್ದು ನಿಂತಳು, ಕೂತಳು, ಮತ್ತೆ ಎದ್ದು ಸೆರಗು ಬಾಯಿಗೆ ಹಿಡಿದುಕೊಂಡು ಹೊರಗೆ ಓಡಿದಳು. ತಿರುಗಿ ಬಂದಾಗ ಕೈಯಲ್ಲಿ ಸಕ್ಕರೆಯ ಪೊಟ್ಟಣ. ಅಷ್ಟರಲ್ಲಿ ಇವರು ಉಳಿದ ಹೆಸರುಗಳನ್ನು ಓದಲು ಶುರುಮಾಡಿದ್ದರು. ಅವಳು ಎಲ್ಲರ ಕೈಗೂ ಸಕ್ಕರೆ ಹಾಕುತ್ತ ವೇದಿಕೆಗೆ ಬಂದು, ಇವರ ಎಡಗೈ ಹಿಡಿದು ಅದರಲ್ಲೂ ಒಂದು ಹಿಡಿ ಹಾಕಿದಳು.

"ಇನ್ನೂ ಮುಗಿದಿಲ್ಲವ್ವಾ. ಮುಗೀಲಿ, ತಿಂತೀನಿ" ಎಂದು ಇವರು ಮುಷ್ಟಿ ಮುಚ್ಚಿ ಹಿಡಿದು, ಬಲಗೈಯೊಂದರಿಂದಲೇ ಚೀಟಿ ಬಿಚ್ಚತೊಡಗಿದರು. ನಾನು ಆಗಲೇ ಬಾಯಿಗೆ ಹಾಕಿಕೊಂಡಿದ್ದೆ.

ಹೆಸರುಗಳು ಮುಗಿದವು. "ಯಾರರೆ ತಮ್ಮ ಹೆಸರು ಕೇಳಲಿಲ್ಲೇನ್ರಿ?"

ಹಿಂದಿನ ಸಾಲಿನಿಂದ ಪಂಕ್ಚರ್ ಅಂಗಡಿಯ ಪರಶುರಾಮ ಎದ್ದ. ನಾಚಿಕೊಂಡೇ ಎದ್ದ. "ನಂದು ಬರಲಿಲ್ರಿ ಸಾಹೇಬ್ರ. ಗೆದ್ದಾವ್ರಾಗೂ ಇಲ್ಲ, ಉಳಿದಾವ್ರಾಗೂ ಇಲ್ಲ."

ಧೋತರ ಝಾಡಿಸಿದೆವು, ಮೇಜಿನ ಕೆಳಗೆ ಹುಡುಕಿದೆವು. ಇವರು ಬಗ್ಗಿ ಡಬ್ಬಿಯೊಳಗೆ ಕೈ ಹಾಕಿದರು. ಚೀಟಿ ಹಾಕುವ ಡಬ್ಬಿಯ ಬಾಗಿಲಿನ ಹತ್ತಿರ ಜಾಳಿಗೆಯ ಎರಡು ತುಂಡು ಬೆಸೆದಲ್ಲಿ ಒಂದು ತಂತಿಯ ಕೊನೆ ಒಳಕ್ಕೆ ಬಾಗಿತ್ತು. ಅದಕ್ಕೆ ಒಂದು ಚೀಟಿ ಸಿಕ್ಕಿಕೊಂಡಿತ್ತು. ಡಬ್ಬಿ ತಿರುಗಿದಷ್ಟು ಹೊತ್ತೂ ಪರಶುರಾಮನ ಚೀಟಿ ಅಲ್ಲೇ ನೇತಾಡುತ್ತಿತ್ತು. ಕೆಳಗೆ ಬಿದ್ದಿರಲೇ ಇಲ್ಲ, ಎತ್ತುವ ಕೈಗೆ ಸಿಗುವಂತೆಯೇ ಇರಲಿಲ್ಲ.

ಇವರು ಬಹಳ ಹೊತ್ತು ಆ ತಂತಿಯನ್ನೇ ನೋಡಿದರು. ಆಮೇಲೆ ಮೈಕು ತೆಗೆದುಕೊಂಡು, "ಈ ಡ್ರಾ ರದ್ದು ಮಾಡೀನಿ. ಎಲ್ಲಾ ಚೀಟಿ ಹಾಕಿ ಮತ್ತ ಎತ್ತೋದು" ಎಂದರು.

ಗದ್ದಲವಾಯಿತು. ಗೆದ್ದವರಲ್ಲಿ ಪುಢಾರಿಗಳ ಕಡೆಯವರೂ ಇದ್ದರು. ಅವರು ತೋಳೇರಿಸಿ ವೇದಿಕೆಗೆ ಬಂದರು. ಇವರು ಕದಲಲಿಲ್ಲ. ನಾನು ಪಕ್ಕಕ್ಕೆ ಕರೆದು ಹೇಳಿದೆ, "ಒಬ್ಬಂವನ ಸಲುವಾಗಿ ಎಲ್ಲಾರ ಬಾಯಾಗ ಮಣ್ಣು ಹಾಕಬ್ಯಾಡ್ರಿ. ಪರಶುರಾಮಗ ಮುಂದಿನ ಸಲ ನೋಡೂಣು. ಅಂವಾ ಹೂಂ ಅಂತಾನ." ಪರಶುರಾಮನೂ ಹೌದೆಂದು ತಲೆಯಾಡಿಸಿದ. ಪಾಪ, ಅವನಿಗೆ ಎದ್ದು ನಿಂತದ್ದೇ ತಪ್ಪಾಯಿತು ಎನ್ನಿಸಿತ್ತು.

"ಅಂವಾ ಹೂಂ ಅಂದ್ರ ಏನಾತ್ರಿ ಅಕ್ಕಾರ? ಎಲ್ಲಾರ ಚೀಟಿ ತಿರಗಿದ್ವು ಅಂತ ನಾ ಸಹಿ ಮಾಡಬೇಕು. ತಿರಗಿಲ್ಲ. ನಾ ನೋಡೀನಿ."

ಯಲ್ಲೂಬಾಯಿ ಏನೂ ಕೂಗಾಡಲಿಲ್ಲ. ಸಕ್ಕರೆಯ ಪೊಟ್ಟಣ ಹಿಡಿದುಕೊಂಡು ವೇದಿಕೆಯ ಕೆಳಗೆ ನಿಂತು, "ಸಾಹೇಬ್ರ, ನನ್ನ ಹೆಸರು ನೀವ ಓದೀರಿ" ಎಂದಳು. ಇವರು ಅವಳ ಕಡೆ ನೋಡಲಿಲ್ಲ. ಆ ತಂತಿಯನ್ನು ಕೈಯಿಂದಲೇ ಬಗ್ಗಿಸಿ, ಬೆರಳು ಗೀರಿಕೊಂಡು, ಎಲ್ಲ ಚೀಟಿಗಳನ್ನೂ ಮತ್ತೆ ಸುತ್ತಿಸಿದರು. ಡಬ್ಬಿಗೆ ಹಾಕಿ ಮತ್ತೆ ತಿರುಗಿಸಿದರು. ಎರಡನೆಯ ಸಲ ಯಲ್ಲೂಬಾಯಿಯ ಹೆಸರು ಬರಲಿಲ್ಲ. ಪರಶುರಾಮನದೂ ಬರಲಿಲ್ಲ. ಯಾರ ಸಲುವಾಗಿ ಇಷ್ಟೆಲ್ಲ ಆಯಿತೋ ಅವನಿಗೂ ಇಲ್ಲ.

ಉಳಿದವರ ಹೆಸರು ಓದುವಾಗ ಹೊರಗೆ ಹೊತ್ತು ಮುಳುಗುತ್ತಿತ್ತು. ಒಂದು ಚೀಟಿ ಬಿಚ್ಚಿ ಇವರು ತಡೆದರು. ಮರುಕ್ಷಣ, ಎಂದಿನದೇ ದನಿಯಲ್ಲಿ, "ಯಲ್ಲೂಬಾಯಿ, ಗುಂಜಿ. ಒಳಗಿತ್ತು" ಎಂದರು. ನಾನು ಮರಾಠಿಯಲ್ಲಿ ಹೇಳದೆ ಮೈಕು ಕೆಳಗಿಳಿಸಿದೆ. ಅವಳು ಎದ್ದು ಬಾಗಿಲ ತನಕ ಹೋಗಿ, ತಿರುಗಿ ನಿಂತು, "ನಿಮ್ಮ ಡಬ್ಬಿಗಿ ಬೆಂಕಿ ಬೀಳ್ಲಿ" ಎಂದು ಹೋದಳು.

ಎಲ್ಲ ಮುಗಿದ ಮೇಲೆ ನಳದ ಹತ್ತಿರ ಇವರು ಕೈ ತೊಳೆಯುತ್ತ ನಿಂತಿದ್ದರು. ಬಲಗೈಯ ಗಾಯ ತೊಳೆಯುತ್ತಿದ್ದಾರೆ ಎಂದುಕೊಂಡೆ. ಅಲ್ಲ, ಎಡಗೈ. ಸಕ್ಕರೆ ಮುಷ್ಟಿಯಲ್ಲೇ ಕರಗಿ ಬೆರಳ ಸಂದಿಗೆಲ್ಲ ಅಂಟಿತ್ತು. ಅಂದು ರಾತ್ರಿ ಅವರಿಗೆ ಊಟವಿರಲಿಲ್ಲ, ಸೂರ್ಯ ಮುಳುಗಿದ್ದ. ಬೆಳಗಾವಿಯಲ್ಲಿ ಬಸ್ಸು ಇಳಿಯುವಾಗ ಹೇಳಿದರು, "ಡಬ್ಬಿ ಎಲ್ಲಾರಿಗೂ ಎತ್ತಿ ತೋರಿಸಿದ್ನಿ ಅಕ್ಕಾರ. ಹೊರಗಿಂದ ತೋರಿಸಿದ್ನಿ. ಒಳಗ ನಾನ ಒಮ್ಮಿ ಕೈ ಆಡಿಸಿ ನೋಡಿದ್ರ ಮುಗೀತಿತ್ತು."

ಆಮೇಲಿನ ಡ್ರಾಗಳಲ್ಲಿ ಒಳಗೆ ಕೈ ಆಡಿಸದೆ ಶುರುಮಾಡಿದವರಲ್ಲ. ಆದರೆ ಮನೆ ಜಾಗದ ಡ್ರಾ ಮತ್ತೆ ಅವರ ಕಾಲದಲ್ಲಿ ಆಗಲೇ ಇಲ್ಲ. ಜಾಗ ಸಿಗಲಿಲ್ಲ, ಜಾಗ ಸಿಕ್ಕಾಗ ಮಂಜೂರಿ ಸಿಗಲಿಲ್ಲ. ಇವರು ನಿವೃತ್ತರಾದರು. ನಿವೃತ್ತರಾದ ಮೇಲೂ ಆಗಾಗ ಖಾನಾಪುರಕ್ಕೆ ಬಂದು ಖಾನಾವಳಿಯ ಬಾಗಿಲಲ್ಲಿ ನಿಲ್ಲುತ್ತಿದ್ದರು. ಅಲ್ಲಿ ಉಣ್ಣುವವರಲ್ಲ. ಒಂದು ಚಹಾ ಹೇಳಿ, ಒಲೆಯ ಕಡೆ ನೋಡಿ, "ಈ ವರ್ಸಾನೂ ಜಾಗದ ಯಾದಿ ಬಂದಿಲ್ಲವ್ವಾ. ಅರ್ಜಿ ಮಾತ್ರ ಚಾಲೂ ಇಡು" ಎನ್ನುತ್ತಿದ್ದರು. ಯಲ್ಲೂಬಾಯಿ ಭಕ್ಕರಿ ಬಡಿಯುತ್ತಲೇ ಇರುತ್ತಿದ್ದಳು. ಬಡಿಯುವ ಸದ್ದು ಮಾತ್ರ ಸ್ವಲ್ಪ ಜೋರಾಗುತ್ತಿತ್ತು.

ಅವಳ ಅತ್ತೆ ಬಾಡಿಗೆ ಖೋಲಿಯಲ್ಲೇ ತೀರಿಕೊಂಡಳು. ಹೆಣವನ್ನು ಒಳಗಿಡಲು ಮಾಲಕ ಒಪ್ಪಲಿಲ್ಲ. ರಸ್ತೆಯ ಬದಿಗೆ ಚಾಪೆ ಹಾಸಿ ಮಲಗಿಸಿದ್ದರು. ನಾನು ಹೋದಾಗ ಇವರು ಆಗಲೇ ಬಂದು, ಎದುರಿನ ಕಟ್ಟೆಯ ಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದು ಕುಳಿತಿದ್ದರು. ಹೆಣ ಎತ್ತುವ ತನಕ ಏಳಲಿಲ್ಲ. ಬಸ್ಸಿನಲ್ಲಿ ಮರಳಿ ಬರುವಾಗ ನಾನೇ ಬಾಯಿ ಬಿಟ್ಟೆ, "ನೀವು ಮಾಡಿದ್ದು ತಪ್ಪಲ್ಲ ಬಿಡ್ರಿ."

"ತಪ್ಪಲ್ಲ, ಅದು ನನಗೂ ಗೊತ್ತೈತಿ. ಅವತ್ತಿನಂಗ ಇವತ್ತೂ ರದ್ದ ಮಾಡ್ತೀನಿ. ಆದ್ರ ಅಕ್ಕಾರ, ಆ ಮುದುಕಿ ಹಾದ್ಯಾಗ ಮಲಗಿದ್ಲಲ್ಲ" ಎಂದರು. ಮುಖ ಆಚೆ ತಿರುಗಿಸಿದರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಒಳ್ಳೆಯ ಮನುಷ್ಯನಿಗೆ ಸಮಾಧಾನವೂ ಸಿಗಬೇಕಿತ್ತು.

ಅವರು ಹೋದ ಮೇಲೆ, ಹೋದ ವಾರ, ಮನೆ ಜಾಗದ ಡ್ರಾ ಕೊನೆಗೂ ಆಯಿತು. ನಾನೂ ನಿವೃತ್ತಳು. ಆದರೂ ಯಲ್ಲೂಬಾಯಿ ಬರಲು ಹೇಳಿದ್ದಳು, ಹೋದೆ. ಈಗ ಡಬ್ಬಿ ಇಲ್ಲ, ಕಂಪ್ಯೂಟರ್. ವೇದಿಕೆಯ ಮೇಲೆ ದೊಡ್ಡ ಪರದೆ. ಗಣ್ಯರೊಬ್ಬರು ಬಂದು ಗುಂಡಿ ಒತ್ತಿದರು. ಪರದೆಯ ಮೇಲೆ ಹೆಸರುಗಳು ಸರಸರನೆ ಓಡಿ ನಿಂತವು. ಗೆದ್ದವರು ಚಪ್ಪಾಳೆ ತಟ್ಟಿದರು, ಫೋಟೋ ತೆಗೆದರು. ಕೊಟ್ಟ ಚಹಾ ಆರುವುದರೊಳಗೆ ಎಲ್ಲ ಮುಗಿಯಿತು. ಯಲ್ಲೂಬಾಯಿಯ ಹೆಸರು ಇರಲಿಲ್ಲ.

ಜನ ಎದ್ದು ಹೋದರು. ಅವಳು ಏಳಲಿಲ್ಲ. ಕೂದಲು ಬೆಳ್ಳಗಾಗಿದೆ, ಬೆರಳು ಸೊಟ್ಟಗಾಗಿವೆ.

"ನಡಿ ಯಲ್ಲೂಬಾಯಿ, ಹೋಗೂಣು."

"ಉಳಿದಾವ್ರ ಹೆಸರು ಓದೂದಿಲ್ಲೇನ್ರಿ ಬಾಯಾರ?"

ಈಗ ಓದುವುದಿಲ್ಲ ಎಂದೆ. ಅವಳಿಗೆ ಒಪ್ಪಿಗೆಯಾಗಲಿಲ್ಲ. ವೇದಿಕೆಯ ಹತ್ತಿರ ಹೋಗಿ, ವೈರು ಸುತ್ತುತ್ತಿದ್ದವನನ್ನು ಕೇಳಿದಳು, "ನನ್ನ ಹೆಸರು ಹಾಕಿದ್ರೇನ್ರಿ ಇದರಾಗ?"

"ಎಲ್ಲಾರದೂ ಇರ್ತೈತ್ರಿ ಅಜ್ಜಿ, ಸಿಸ್ಟಮ್‌ನಾಗ" ಎಂದ ಅವನು, ಒಳ್ಳೆಯ ದನಿಯಲ್ಲೇ.

ಅವಳು ತಿರುಗಿ ಬಂದು ಅದೇ ಖುರ್ಚಿಯಲ್ಲಿ ಕುಳಿತಳು. "ಇರ್ತೈತಿ ಅಂತಾನ. ಇತ್ತು ಅನ್ನವಲ್ಲ" ಎಂದಳು. ಸೆರಗು ಸರಿಮಾಡಿಕೊಂಡು, "ಅವತ್ತ ಆ ಸಾಹೇಬ ನನ್ನ ಮನಿ ಕಸಗೊಂಡ. ಅಂವಂಗ ಎಷ್ಟ್ ಬೈದೀನಿ. ಆದ್ರ ಬಾಯಾರ, ನನ್ನ ಚೀಟಿ ಬಿಚ್ಚಿ ಓದಿದ್ದ. ಒಳಗಿತ್ತು ಅಂದಿದ್ದ. ಸೋತೀನಿ ಅಂತ ಖಾತ್ರಿಲೆ ಮನಿಗೆ ಹೋಗಿದ್ನಿ" ಎಂದಳು.

ನನ್ನ ಕಡೆ ನೋಡಿದಳು. "ನೀವರೆ ಹೇಳ್ರಿ. ಇತ್ತೇನ್ರಿ?"

ಇತ್ತು ಎಂಬ ಒಂದು ಮಾತು, ಅಷ್ಟೇ. ಅಂದುಬಿಟ್ಟರೆ ಅವಳು ಎದ್ದು ಹೋಗುತ್ತಿದ್ದಳು. ಎಷ್ಟು ವರ್ಷ ಮೈಕಿನಲ್ಲಿ ಹೇಳಿದ ಮಾತು, ನಾಲಿಗೆಯ ತುದಿಗೇ ಬಂದಿತ್ತು. ಆದರೆ ನಾನು ನೋಡಿರಲಿಲ್ಲ.

ಅವಳ ಪಕ್ಕದ ಖುರ್ಚಿಯಲ್ಲಿ ಕುಳಿತೆ. ಶಾಮಿಯಾನದವರು ಬಂದು ಖುರ್ಚಿ ಬೇಕೆಂದು ಕೇಳುವ ತನಕ ಇಬ್ಬರೂ ಹಾಗೇ ಕುಳಿತಿದ್ದೆವು.